ಒಬ್ಬರ ಕೋಣೆಯಲ್ಲಿ ಎರಡು ದನಿ

ಆ ಊರಿನಲ್ಲಿ ಗಿಣಿಗೆ ಮೊದಲು ಅಭ್ಯಾಸವಾದದ್ದು ತಲೆ ತಗ್ಗಿಸುವುದು. ಅವನಿಗೆ ಸಿಕ್ಕ ಕೋಣೆಯ ಬಾಗಿಲು ಅವನ ಹುಬ್ಬಿನ ಮಟ್ಟಕ್ಕೇ ಮುಗಿದುಹೋಗುತ್ತಿತ್ತು. ಕೆಲವು ನೂರು ವರ್ಷಗಳ ಹಿಂದೆ ಆ ಮನೆ ಕಟ್ಟಿದವರು ಒಂದೋ ಕುಳ್ಳರಿದ್ದರು, ಇಲ್ಲವೇ ಪರದೇಶದಿಂದ ಓದಲು ಬರುವವರಿಗೆ ವಿನಯ ಕಲಿಸಬೇಕೆಂದು ಆಗಲೇ ಯೋಚಿಸಿಟ್ಟಿದ್ದರು. ಮೊದಲ ವಾರ ಹಣೆಯ ಮೇಲೆ ಬುಗುಟು ಎದ್ದಿತು. ಅದು ಇಳಿಯುವ ಮೊದಲೇ ಅದರ ಮೇಲೊಂದು ಮಹಡಿ ಎದ್ದಿತು. ಬರಬರುತ್ತ ಕುತ್ತಿಗೆಗೆ ತಾನಾಗಿಯೇ ಬುದ್ಧಿ ಬಂತು. ಎಷ್ಟೆಂದರೆ ಕಾಲೇಜಿನಲ್ಲಿ ಆನೆ ಹೋಗುವಂಥ ಕಮಾನಿನ ಕೆಳಗೂ ಬಗ್ಗಿ ನಡೆದು ನಾಲ್ಕು ಜನರ ನಗೆಗೆ ಈಡಾದ.

ಊರೆಲ್ಲ ಕಲ್ಲು. ಬೀದಿಗೆ ಹಾಸಿದ್ದು ಕಲ್ಲು, ಗೋಡೆ ಕಲ್ಲು, ಮೊದಮೊದಲು ಜನರ ಮುಖವೂ ಕಲ್ಲೇ. ಚಳಿಯಂತೂ ನಮ್ಮ ವರ್ಣಮಾಲೆಯ ಅಲ್ಪಪ್ರಾಣದ ಚಳಿಯಲ್ಲ. ಬಾಯಿಂದ ಹೊಗೆ ಬಿಡಿಸುವ ಮಹಾಪ್ರಾಣದ ಛಳಿ. ಡಿಗ್ರಿ ಮಾಡಲು ಬಂದವನಿಗೆ ಆ ಊರು ಮೊದಲು ಕೊಟ್ಟದ್ದು ಸೊನ್ನೆ ಡಿಗ್ರಿ.

ಗಿಣಿ ಅವನ ನಿಜವಾದ ಹೆಸರಲ್ಲ. ಆದರೆ ಮನೆಯಲ್ಲಿ ಯಾರಾದರೂ ನಿಜವಾದ ಹೆಸರು ಹಿಡಿದು ಕರೆದರೆ ಅವನೇ ಇನ್ಯಾರನ್ನೋ ಕರೆದರೆಂದು ಸುಮ್ಮನಿರುತ್ತಿದ್ದ. ಮಾತು ಕಲಿತಂದಿನಿಂದ ಅವನದು ಬೇರೆಯವರ ಮಾತೇ. ಬಸ್ ಕಂಡಕ್ಟರ್, ಹೆಡ್ಮಾಸ್ಟರ್, ಹಾಲಿನವನು, ಯಾರೂ ಅವನ ಬಾಯಿಂದ ತಪ್ಪಿಸಿಕೊಂಡವರಲ್ಲ. ಒಮ್ಮೆ ಕುಕ್ಕರಿನ ಕೊನೆಯ ಸೀಟಿಯನ್ನು ಹಿತ್ತಲಿನಿಂದ ಹೊಡೆದು, ಅಮ್ಮನಿಂದ ಒಲೆ ಆರಿಸಿ, ಮನೆಮಂದಿಗೆಲ್ಲ ಅರೆಬೆಂದ ಅನ್ನ ತಿನ್ನಿಸಿದ್ದ. ಅವನು ಎಲ್ಲಕ್ಕಿಂತ ಚೆನ್ನಾಗಿ ಮಾಡುತ್ತಿದ್ದದ್ದು ಅಪ್ಪನನ್ನು. ಅಪ್ಪ ಪೇಂಟ್ ಮೇಸ್ತ್ರಿ. ಸುಣ್ಣದ ಧೂಳು ಕುಡಿದು ಕುಡಿದು ಒರಟಾದ ಗಂಟಲು, ಪ್ರತಿ ಮಾತಿನ ಬಾಲಕ್ಕೂ ಒಂದು "ಗೊತ್ತಾಯ್ತಾ", ನಕ್ಕರೆ ಕೊನೆಯಲ್ಲಿ ಮುರಿದ ಹಲ್ಲಿನ ಸಂದಿಯಿಂದ ಒಂದು ಸಣ್ಣ ಶಿಳ್ಳೆ. ಗಿಣಿ ಕೆಳಗೆ ನಿಂತು "ಏಯ್, ಯಾರೋ ಅದು ಮೇಲ್ಗಡೆ ನಿದ್ದೆ ಹೊಡೀತಿರೋದು, ಗೊತ್ತಾಯ್ತಾ!" ಎಂದರೆ ಗೋಡೆಗೆ ಕಟ್ಟಿದ ಬೊಂಬಿನ ಸಾರುವೆಯ ಮೇಲಿದ್ದ ಆಳುಗಳು ಬ್ರಷ್ಷನ್ನು ಡಬ್ಬಿಗೆ ಅದ್ದುವುದರ ಬದಲು ಬೀಡಿಯನ್ನು ಅದ್ದುತ್ತಿದ್ದರು.

ಅವನು ಕಲಿಯಲು ಬಂದದ್ದು ಹಳೆಯ ಕಟ್ಟಡಗಳನ್ನು ಕೆಡದಂತೆ ಕಾಪಾಡುವ ವಿದ್ಯೆ. ಹಿಂದೆ ಧಾನ್ಯದ ಉಗ್ರಾಣವಾಗಿದ್ದ ಒಂದು ಉದ್ದನೆಯ ಹಜಾರದಲ್ಲಿ ಅವರ ತರಗತಿ. ಒಬ್ಬೊಬ್ಬರಿಗೆ ಅಂಗೈ ಅಗಲದ ಗೋಡೆ. ಕೈಯಲ್ಲಿ ಡಾಕ್ಟರರು ಕೊಯ್ಯುವ ಚೂರಿಯಂಥದೇ ಒಂದು ಚೂರಿ, ಕಣ್ಣಿಗೆ ಭೂತಗನ್ನಡಿ. ಮೇಲಿನ ಬಣ್ಣ ಕೆರೆದರೆ ಅದರಡಿ ಇನ್ನೊಂದು, ಅದರಡಿ ಸುಣ್ಣ, ಸುಣ್ಣದಡಿ ಯಾವುದೋ ಕಾಲದ ನೀಲಿ. ಒಂದು ಪದರಕ್ಕೆ ಒಂದು ವಾರ. "ನೀವು ಕೆರೆದದ್ದನ್ನು ಯಾರೂ ಮತ್ತೆ ಅಂಟಿಸಲಾರರು" ಎಂದು ಮೇಡಂ ಹೇಳಿ ಹೇಳಿ ಎಲ್ಲರ ಕೈ ನಡುಗಿಸಿಟ್ಟಿದ್ದರು. ಈ ಕೋರ್ಸಿನ ವಿಷಯ ಮೊದಲ ಸಲ ಹೇಳಿದಾಗ ಅಪ್ಪ ಬಹಳ ಹೊತ್ತು ಗಲ್ಲ ಕೆರೆದುಕೊಂಡು ಕೂತಿದ್ದ.

"ನಾನು ಜೀವಮಾನವಿಡೀ ಬಳಿದೆ. ನೀನು ವಿಮಾನ ಹತ್ತಿ ಹೋಗಿ ಕೆರೀತೀಯಾ? ಒಳ್ಳೆ ಜೋಡಿ ಬಿಡು. ಇಬ್ಬರಿಗೂ ಕೆಲಸ ಮುಗಿಯೋ ಭಯ ಇಲ್ಲ, ಗೊತ್ತಾಯ್ತಾ."

ಗಿಣಿ ಕೆರೆದ. ಊರಿನಲ್ಲಿ ತಿರುಗಿದ. ಅಂಗಡಿಯಲ್ಲಿ ಉಪ್ಪು ಕೇಳಿ ಸಕ್ಕರೆ ತಂದ. ಮತ್ತೆ ಪ್ರತಿ ಭಾನುವಾರ ಬೆಳಿಗ್ಗೆ ಮನೆಗೆ ಫೋನ್ ಮಾಡಿದ.

"ಗಿಣೀ, ಊಟ ಆಯ್ತೇನೋ?" ಅಜ್ಜಿಯ ದನಿ ಆರು ಮನೆಗೆ ಕೇಳುವಂತಿರುತ್ತಿತ್ತು. ದೂರದ ಫೋನಿಗೆ ಜೋರಾಗಿ ಮಾತಾಡಬೇಕೆಂಬುದು ಅವಳ ಲೆಕ್ಕ.

"ಆಯ್ತು ಅಜ್ಜಿ."

"ಏನು?"

"ಬ್ರೆಡ್ಡು, ಮೊಟ್ಟೆ."

"ಅದು ಊಟ ಅಲ್ವೋ, ಊಟ ಬರೋ ತನಕ ಬಾಯಾಡ್ಸೋಕೆ ಕೊಡೋದು. ಹೋಗ್ಲಿ, ನಿಮ್ಮಪ್ಪಂಗೆ ಕೊಡು ಫೋನು."

ಗಿಣಿ ಫೋನನ್ನು ಮೇಜಿನ ಮೇಲೆ ಇಡುತ್ತಿದ್ದ. ಎದ್ದು ಬಾಗಿಲ ತನಕ ಹೋಗಿ, ಅಲ್ಲಿಂದ ಕಾಲೆಳೆದುಕೊಂಡು ವಾಪಸ್ಸು ಬರುತ್ತಿದ್ದ. ಕುರ್ಚಿಯನ್ನು ಕರ್ರೆಂದು ಎಳೆದು, ಗಂಟಲು ಸರಿಮಾಡಿಕೊಂಡು ಫೋನ್ ಎತ್ತುತ್ತಿದ್ದ.

"ಹ್ಞಾ, ಹೇಳಮ್ಮ. ನಾನೇ."

ಅಪ್ಪ ತೀರಿಕೊಂಡು ಅಷ್ಟರಲ್ಲಿ ಐದಾರು ತಿಂಗಳಾಗಿತ್ತು.

ಅದು ನಡೆದದ್ದು ಹೀಗೆ. ಸಾರುವೆಯ ಒಂದು ಬೊಂಬು ಮುರಿದು ಅಪ್ಪ ಎರಡನೆಯ ಮಹಡಿಯಿಂದ ಬಿದ್ದಾಗ ಅಜ್ಜಿ ಬೇರೆ ಊರಿನಲ್ಲಿ, ತನ್ನ ಮಗಳ, ಅಂದರೆ ಗಿಣಿಯ ಅತ್ತೆಯ ಮನೆಯಲ್ಲಿದ್ದಳು. ಅವಳಿಗೆ ಆಗಷ್ಟೇ ಎದೆಯ ಆಪರೇಷನ್ ಆಗಿತ್ತು. ಆಘಾತವಾಗುವಂಥದ್ದೇನೂ ಕಿವಿಗೆ ಬೀಳಬಾರದು ಎಂದು ಡಾಕ್ಟರು ಹೇಳಿದ್ದರು. ಹೇಳದಿದ್ದರೂ ಆ ಮನೆಯವರು ಬೀಳಿಸುತ್ತಿರಲಿಲ್ಲ. ಕೆಟ್ಟ ಸುದ್ದಿಯನ್ನು ಹಿರಿಯರಿಗೆ ಒಂದೇ ಸಲ ಹೇಳುವ ಪದ್ಧತಿಯೇ ಅವರಲ್ಲಿ ಇರಲಿಲ್ಲ. ಮೊದಲು "ಯಾಕೋ ಸ್ವಲ್ಪ ಸುಸ್ತು", ಆಮೇಲೆ "ಜ್ವರವಂತೆ", ಆಮೇಲೆ "ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟಿದ್ದಾರಂತೆ". ಆ ಮನೆಗೆ ಸಾವು ಪ್ಯಾಸೆಂಜರ್ ರೈಲಿನ ಹಾಗೆ ಎಲ್ಲ ಸ್ಟೇಷನ್ನಿನಲ್ಲೂ ನಿಂತು ನಿಂತು ಬರುತ್ತಿತ್ತು. ಅಜ್ಜಿಯ ತಮ್ಮ ತೀರಿಕೊಂಡದ್ದು ಅವಳಿಗೆ ತಿಳಿಯುವಷ್ಟರಲ್ಲಿ ಆತನ ಮೊಮ್ಮಗಳಿಗೆ ನಿಶ್ಚಿತಾರ್ಥವಾಗಿತ್ತು.

ಅಪ್ಪನ ವಿಷಯದಲ್ಲಿ ರೈಲು ಹೊರಡಲೇ ಇಲ್ಲ. ಎಲ್ಲ ಮುಗಿದ ಕೆಲವೇ ದಿನಕ್ಕೆ ಗಿಣಿ ವಿಮಾನ ಹತ್ತಬೇಕಿತ್ತು, ಅಜ್ಜಿ ಮನೆಗೆ ಬರುವವಳಿದ್ದಳು. ಟ್ರಾವೆಲ್ಸ್ ನಡೆಸುವ ಚಿಕ್ಕಪ್ಪನಿಗೆ ತನ್ನ ಕಸುಬಿಗೆ ತಕ್ಕ ಉಪಾಯ ಹೊಳೆಯಿತು.

"ಅಣ್ಣ ಇವನ ಜೊತೆ ಹೋಗಿದಾನೆ ಅನ್ನೋಣ. ಬಿಟ್ಟು ಬರೋಕೆ ಕಾಲೇಜಿನವರೇ ಒಬ್ಬರಿಗೆ ಟಿಕೆಟ್ ಕೊಟ್ಟಿದಾರೆ ಅಂತ. ಅಮ್ಮ ಸ್ವಲ್ಪ ಚೇತರಿಸಿಕೊಳ್ಳಲಿ, ಆಮೇಲೆ ನಿಧಾನಕ್ಕೆ ಹೇಳಿದ್ರಾಯ್ತು."

"ಫೋನ್ ಮಾಡು ಅಂತಾರಲ್ಲ?" ಎಂದಳು ಅಮ್ಮ.

ಎಲ್ಲರೂ ಗಿಣಿಯ ಮುಖ ನೋಡಿದರು.

ಮೊದಲ ಸಲ ವಿಮಾನ ನಿಲ್ದಾಣದ ಮೂಲೆಯೊಂದರಲ್ಲಿ ಗೋಡೆಗೆ ಮುಖಮಾಡಿ ನಿಂತು, "ಹ್ಞಾ, ಹೋಗಿ ಬರ್ತೀನಮ್ಮ, ನೀನು ಮಾತ್ರೆ ತಗೋ, ಗೊತ್ತಾಯ್ತಾ" ಎಂದಿದ್ದ. ಅದೊಂದೇ ಸಲವೆಂದು ಅವನೂ ನಂಬಿದ್ದ. ಅಜ್ಜಿಯ ಎರಡೂ ಕಣ್ಣಿಗೆ ಪೊರೆ. ಫೋನಿನಲ್ಲಿ ಮುಖ ತೋರಿಸುವ ಗೋಜಿಲ್ಲ. ಕಿವಿ ಮಾತ್ರ ಚುರುಕು. ಆ ಕಿವಿಯನ್ನು ದಾಟುವುದೇ ಪರೀಕ್ಷೆ, ಗಿಣಿ ಅದರಲ್ಲಿ ಮೊದಲ ದರ್ಜೆಯಲ್ಲಿ ಪಾಸಾದ. ಪಾಸಾದವನಿಗೆ ಮುಂದಿನ ತರಗತಿ ತಪ್ಪಿದ್ದಲ್ಲ. ಮಗ ಯಾಕಿನ್ನೂ ಬಂದಿಲ್ಲ ಎಂದು ಅಜ್ಜಿ ಕೇಳಿದಾಗ, ಅಲ್ಲಿ ಹಳೆಯ ಗೋಡೆಗಳು ಬೇಕಾದಷ್ಟಿವೆ, ಪೇಂಟ್ ಕೆಲಸ ಸಿಕ್ಕಿದೆ ಎಂದು ಚಿಕ್ಕಪ್ಪ ಇನ್ನೊಂದು ಕೋಟ್ ಬಳಿದ.

ಹಾಗಾಗಿ ಗಿಣಿ ಆ ಊರಿಗೆ ಹೊಂದಿಕೊಂಡದ್ದು ಇಬ್ಬರ ಪರವಾಗಿ. ಭಾನುವಾರಕ್ಕೆ ಅಪ್ಪನ ಬಾಯಲ್ಲಿ ಏನಾದರೂ ಇರಬೇಕಲ್ಲ, ಅದಕ್ಕೆ ವಾರವೆಲ್ಲ ಕಣ್ಣು ತೆರೆದು ನಡೆಯುತ್ತಿದ್ದ. ಗಡಿಯಾರದ ಗೋಪುರ ಕಂಡರೆ ಅದಕ್ಕೆ ಸಾರುವೆ ಕಟ್ಟುವುದು ಹೇಗೆಂದು ಅಪ್ಪ ಲೆಕ್ಕ ಹಾಕುತ್ತಿದ್ದ. ಪಾಚಿ ಹಿಡಿದ ಕೋಟೆ ಗೋಡೆ ಕಂಡರೆ ಅಪ್ಪನಿಗೆ ಕೈ ತುರಿಸುತ್ತಿತ್ತು.

"ಊರಿಗೆ ಊರೇ ಸುಣ್ಣ ಕಂಡಿಲ್ಲಮ್ಮ. ಒಂದು ಕೋಟ್ ಹೊಡೀತೀನಿ ಅಂದ್ರೆ ಪೊಲೀಸರನ್ನ ಕರೀತಾರಂತೆ, ಗೊತ್ತಾಯ್ತಾ. ಕೊಳೆ ಹೋದ್ರೆ ಹಳೇದು ಅಂತ ಯಾರೂ ನಂಬಲ್ವಂತೆ!"

ಅಜ್ಜಿ ಕೆಮ್ಮು ಬರುವವರೆಗೆ ನಗುತ್ತಿದ್ದಳು. ಅಪ್ಪನೂ ನಗುತ್ತಿದ್ದ, ಕೊನೆಯ ಶಿಳ್ಳೆ ಸಮೇತ. ಹೀಗೆ ಅಪ್ಪನಿಗೆ ಊರು ತೋರಿಸುತ್ತ ತೋರಿಸುತ್ತ ಗಿಣಿಗೇ ಊರು ಗುರುತಾಯಿತು. ಯಾವ ಓಣಿ ಎಲ್ಲಿ ಹೊರಳುತ್ತದೆ, ಯಾವ ಮೆಟ್ಟಿಲು ಸವೆದಿದೆ, ಯಾವ ಬ್ರೆಡ್ಡಿನಂಗಡಿಯವನು ಸಂಜೆ ಉಳಿದದ್ದನ್ನು ಅಗ್ಗಕ್ಕೆ ಕೊಡುತ್ತಾನೆ, ಎಲ್ಲ. ಜೊತೆಯವರು ಗುಂಪು ಕಟ್ಟಿಕೊಂಡು ಕರೆದರೆ ಇವನು ಹೋಗುತ್ತಿರಲಿಲ್ಲ. ಒಂಟಿಯಾಗಿರುವುದು ಇವನಿಗಿಷ್ಟ ಎಂದು ಅವರು ತಿಳಿದರು. ಒಂಟಿಯಾಗಿದ್ದರೆ ತಾನೇ.

ಫೋನಿನ ಕೊನೆಗೆ ಅಮ್ಮನ ಸರದಿ. ಅಮ್ಮ ಫೋನನ್ನು ಬಚ್ಚಲಿಗೆ ಒಯ್ದು ನಲ್ಲಿ ತಿರುಗಿಸುತ್ತಿದ್ದಳು. ಆ ಮನೆಯಲ್ಲಿ ಅವಳಿಗೆ ಅಳಲು ಇದ್ದ ಜಾಗ ಅದೊಂದೇ, ಅದೂ ನೀರು ಬರುವ ಹೊತ್ತಿನಲ್ಲಿ. ಗಂಡನ ಫೋಟೋ ಗೋಡೆಗೆ ಹಾಕುವಂತಿಲ್ಲ. ಬೀರುವಿನಲ್ಲಿ ಸೀರೆಗಳ ನಡುವೆ ಮಡಿಸಿಟ್ಟಂತೆ ಇಟ್ಟಿದ್ದಳು. ಅಜ್ಜಿ "ಅವನು ನಿನ್ನ ಹತ್ರ ಏನಂದ?" ಎಂದಾಗ ಏನಾದರೊಂದು ಹೇಳಬೇಕಿತ್ತು. ಒಂದು ಭಾನುವಾರ ನಲ್ಲಿಯ ಸದ್ದಿನ ಹಿಂದಿನಿಂದ ಅವಳು ಕೇಳಿದಳು.

"ಗಿಣೀ, ಒಂದೇ ಒಂದ್ಸಲ ನನ್ನನ್ನೂ ಕರಿಯೋ. ಅವರ ಥರ."

ಅವನು ಗಂಟಲು ಸರಿಮಾಡಿಕೊಂಡ. ಆಮೇಲೆ ಕರೆದ. "ಏ, ಇವಳೇ."

ಆ ಕಡೆ ನೀರು ಬೀಳುವುದು ಮಾತ್ರ ಕೇಳಿಸಿತು. ಬಕೆಟ್ಟು ತುಂಬಿ ಹೊರಗೆ ಚೆಲ್ಲತೊಡಗಿತು.

"ಬೇಡಪ್ಪ. ಇನ್ಮೇಲೆ ನಾನಾಗೇ ಕೇಳಿದ್ರೂ ಮಾಡ್ಬೇಡ" ಎಂದು ಫೋನ್ ಇಟ್ಟಳು.

ಅಜ್ಜಿ ಮಾತ್ರ ದಿನೇದಿನೇ ಗಟ್ಟಿಯಾದಳು. ಡಾಕ್ಟರು ಎದೆ ಮುಟ್ಟಿ ನೋಡಿ "ಇನ್ನೇನೂ ಭಯವಿಲ್ಲ" ಎಂದರು. ಭಯ ಹೋದ ಕೂಡಲೇ ಅವಳ ಪ್ರಶ್ನೆಗಳಿಗೂ ಕಸುವು ಬಂತು.

"ಲೋ ದೊಡ್ಡೋನೇ, ಮಗನ್ನ ಬಿಟ್ಟು ಬರೋಕೆ ಹೋದೋನು ನೀನೇ ಅಲ್ಲಿ ಕೂತುಬಿಟ್ಟೆಯಲ್ಲೋ. ಓದ್ತಿರೋದು ಅವನೋ ನೀನೋ? ಇಲ್ಲಿ ಹೆಂಡತಿ ಒಬ್ಬಳು ಇದಾಳೆ, ನೆನಪಿದ್ಯಾ? ಬಾ ಸಾಕು."

"ಬರ್ತೀನಮ್ಮ, ಕೆಲಸ ಒಂದು ಹಂತಕ್ಕೆ ಬರ್ಲಿ."

"ಯಾವ ಹಂತ? ನಿಮ್ಮಪ್ಪನೂ ಹೀಗೇ ಹಂತ ಹಂತ ಅಂತ ಮನೆ ಕಟ್ಟೋಕೆ ಹೊರಟು ಕೊನೇಗೆ ಪಾಯ ಬಿಟ್ಟು ಹೋದ."

ಅಂದು ಚಿಕ್ಕಪ್ಪ ಫೋನ್ ಮಾಡಿದ. ಅವನ ದನಿಯಲ್ಲಿ ಪ್ರಯಾಣಿಕರಿಗೆ ಬಸ್ಸು ಹೊರಡುವ ಸಮಯ ಹೇಳುವವನ ಖಚಿತತೆ ಇತ್ತು.

"ಇನ್ನು ಎಳೆಯೋಕಾಗಲ್ಲ ಗಿಣಿ. ಶುರು ಮಾಡಿಬಿಡೋಣ. ಮುಂದಿನ ಭಾನುವಾರ ಅಣ್ಣಂಗೆ ಕೆಮ್ಮು. ಅದರ ಮುಂದಿನ ವಾರ ಜ್ವರ, ದನಿ ಸ್ವಲ್ಪ ಇಳಿಸು. ಆಮೇಲೆ ಆಸ್ಪತ್ರೆ. ಆಮೇಲೆ ನಾನು ನೋಡ್ಕೋತೀನಿ."

"ಅಂದ್ರೆ, ಇಲ್ಲಿ ನಾನು ಅಪ್ಪನ್ನ ಇನ್ನೊಂದ್ಸಲ..."

"ಇನ್ನೊಂದ್ಸಲ ಅಂತ ಅನ್ಕೋಬೇಡ. ಅಮ್ಮನ ಲೆಕ್ಕದಲ್ಲಿ ಅದೇ ಮೊದಲ್ನೇ ಸಲ. ಮೆತ್ತಗೆ ಇಳಿಸಬೇಕು ಕಣೋ, ಅಷ್ಟೇ."

ಭಾನುವಾರ ಗಿಣಿ ಕೆಮ್ಮಿದ. ಅವನು ಮಾಡಿದ ಮೇಲೆ ಅರೆಬರೆ ಮಾಡುವವನಲ್ಲ. ಎದೆಯ ತಳದಿಂದ ಎಳೆದು ಕೆಮ್ಮಿದ. ಅಜ್ಜಿಯ ನಗು ಕತ್ತರಿಸಿದಂತೆ ನಿಂತಿತು.

"ಯಾವಾಗಿಂದ ಇದು? ಬಿಸಿನೀರು ಕುಡೀತಿದೀಯಾ? ಕಿವಿಗೆ ಬಟ್ಟೆ ಕಟ್ಕೊಂಡು ಓಡಾಡು ಅಂತ ಎಷ್ಟು ಸಲ ಹೇಳಿದೀನಿ! ಗಿಣಿಗೆ ಕೊಡು. ಲೋ, ಅವನ ಬೆನ್ನು ಉಜ್ಜು. ನಾನು ಇಲ್ಲಿಂದ ಉಜ್ಜೋಕಾಗುತ್ತಾ? ಉಜ್ಜು ಈಗ, ನಾನು ಕಾಯ್ತೀನಿ."

ಗಿಣಿ ಕುರ್ಚಿಯ ಬೆನ್ನನ್ನು ಉಜ್ಜಿದ, ಸದ್ದು ಕೇಳಿಸುವಂತೆ.

ಆ ವಾರ ಅಜ್ಜಿ ಸರಿಯಾಗಿ ಊಟ ಮಾಡಲಿಲ್ಲ. ಭಾನುವಾರದ ತನಕ ಕಾಯದೆ ನಡುವೆಯೂ ಫೋನ್ ಮಾಡಿಸಿದಳು. ಕೆಮ್ಮಿಗೆ ರಜೆ ಸಿಗಲಿಲ್ಲ. ಮಾತು ಮುಗಿದ ಮೇಲೆ ಗಿಣಿಗೆ ನಿಜವಾಗಿಯೂ ಎದೆ ನೋಯುತ್ತಿತ್ತು. ಹಜಾರದಲ್ಲಿ ಚೂರಿ ಹಿಡಿದು ಒಂದು ಪದರ ಕೆರೆಯಲು ಹೋಗಿ ಎರಡು ಕೆರೆದುಬಿಟ್ಟ. ಮೇಡಂ ಭೂತಗನ್ನಡಿಯಲ್ಲಿ ನೋಡಿ ಬೈಯಲಿಲ್ಲ. "ನಾಳೆ ರಜೆ ತಗೋ" ಎಂದಷ್ಟೇ ಅಂದರು.

ರಜೆಯ ದಿನವೂ ಅಜ್ಜಿಯ ಫೋನ್ ಬಂತು, ಅಪ್ಪ ಕೆಮ್ಮಿದ, ಗಿಣಿ ಕುರ್ಚಿ ಉಜ್ಜಿದ. ಫೋನ್ ಇಟ್ಟು ಇನ್ನೂ ಉಸಿರು ಎಳೆದುಕೊಳ್ಳುತ್ತಿರುವಾಗಲೇ ಬಾಗಿಲು ಬಡಿದ ಸದ್ದಾಯಿತು.

ಮನೆಯ ಒಡತಿ. ಗಿಣಿ ಅವಳಿಗೆ ಮನಸ್ಸಿನಲ್ಲೇ ಇಟ್ಟಿದ್ದ ಹೆಸರು ಮೆಲ್ಲಮ್ಮ. ಬಾಗಿಲು ಮೆಲ್ಲಗೆ, ನಲ್ಲಿ ಮೆಲ್ಲಗೆ, ಮೆಟ್ಟಿಲು ಮೆಲ್ಲಗೆ ಎನ್ನುವುದರ ಹೊರತು ಅವಳು ಅವನೊಡನೆ ಬೇರೆ ಮಾತಾಡಿದ್ದೇ ಕಡಿಮೆ. ಅವನಿಗೆ ತನ್ನ ಭಾಷೆ ಅಷ್ಟಾಗಿ ಬಾರದೆಂದು ಒಂದೊಂದೇ ಪದವನ್ನು ಕಿವುಡರಿಗೆ ಹೇಳುವಂತೆ ಬಿಡಿಸಿ ಹೇಳುತ್ತಿದ್ದಳು. ಈಗ ಅವಳ ಒಂದು ಕೈಯಲ್ಲಿ ಹಬೆಯಾಡುವ ಪಾತ್ರೆ, ಇನ್ನೊಂದರಲ್ಲಿ ಟವೆಲ್ಲು.

"ಈ ಕೋಣೆ. ಒಬ್ಬರಿಗೆ" ಎಂದಳು.

"ಹೌದು. ಒಬ್ಬನೇ ಇದ್ದೇನೆ."

"ನನಗೆ. ಕಿವಿ. ಇದೆ." ಅವಳು ಒಳಗೇ ಬಂದಳು. "ವಯಸ್ಸಾದವರು. ಬಂದ ದಿನದಿಂದ ಇದ್ದಾರೆ. ನಾನು ಸುಮ್ಮನಿದ್ದೆ. ಹುಡುಗನಿಗೆ ಅಪ್ಪ ಜೊತೆಗಿದ್ದರೆ ಇರಲಿ ಅಂತ. ಆದರೆ ಅವರಿಗೆ ಕಾಯಿಲೆ. ಈ ಕೆಮ್ಮು ಒಳ್ಳೆಯದಲ್ಲ. ಡಾಕ್ಟರಿಗೆ ಯಾಕೆ ತೋರಿಸಿಲ್ಲ? ನಾನು ಹೊರಗೆ ಹಾಕುತ್ತೇನೆ ಅಂತ ಹೆದರಿಕೆಯಾ? ಎಲ್ಲಿ ಅವರು?"

ಕೋಣೆಯಲ್ಲಿ ಬಚ್ಚಿಡುವಷ್ಟು ಜಾಗವೇ ಇರಲಿಲ್ಲ. ಆದರೂ ಅವಳು ಬೀರುವಿನ ಹಿಂದೆ ನೋಡಿದಳು. ಮಂಡಿ ನೋವಿನ ಹೆಂಗಸು ಮಂಡಿಯೂರಿ ಮಂಚದಡಿಯಲ್ಲೂ ನೋಡಿದಳು. ಅಲ್ಲಿಂದಲೇ ತಲೆ ಎತ್ತಿ ಕೇಳಿದಳು, "ಎಲ್ಲಿ?"

ಗಿಣಿ ಗಂಟಲು ಸರಿಮಾಡಿಕೊಂಡು, ಅಪ್ಪನ ದನಿಯಲ್ಲಿ ಒಂದು ಮಾತು ಆಡಿದ. "ಹ್ಞಾ, ಹೇಳಮ್ಮ. ನಾನೇ." ಆಮೇಲೆ ಒಮ್ಮೆ ಕೆಮ್ಮಿದ.

ಅವಳು ಮಂಚದ ಅಂಚು ಹಿಡಿದು ನಿಧಾನಕ್ಕೆ ಎದ್ದಳು. ಮೊದಲು ಅವನ ಬಾಯಿ ನೋಡಿದಳು, ಆಮೇಲೆ ಖಾಲಿ ಕುರ್ಚಿ.

"ಅಪ್ಪ ತೀರಿಕೊಂಡಿದ್ದಾರೆ" ಎಂದ ಗಿಣಿ. "ನಾನು ಇಲ್ಲಿಗೆ ಬರುವ ಮೊದಲೇ. ಅವರ ಅಮ್ಮನಿಗೆ ಹೇಳಿಲ್ಲ."

ಆ ಮಾತನ್ನು ಅವನು ತನ್ನ ಬಾಯಿಂದ ಮೊದಲ ಬಾರಿ ಹೇಳಿದ್ದ. ಅದೂ ಉಪ್ಪಿಗೂ ಸಕ್ಕರೆಗೂ ಎಡವುವ ಭಾಷೆಯಲ್ಲಿ. ಆ ಭಾಷೆಯಲ್ಲಿ ಅವನಿಗೆ ಸುತ್ತಿ ಬಳಸಿ ಹೇಳುವಷ್ಟು ಪದಗಳಿರಲಿಲ್ಲ. ಇದ್ದದ್ದು ನಾಲ್ಕು ಪದ, ನಾಲ್ಕೂ ಸತ್ಯ.

ಮೆಲ್ಲಮ್ಮ ಕುರ್ಚಿಯಲ್ಲಿ ಕೂತಳು. ಪಾತ್ರೆ ಮಡಿಲಿನಲ್ಲೇ ಇತ್ತು.

"ಭಾನುವಾರ ನಾನು ರೇಡಿಯೋ ಆರಿಸುತ್ತಿದ್ದೆ" ಎಂದಳು, ಈ ಸಲ ಪದ ಬಿಡಿಸದೆ. "ಅವರು ನಗುವುದು ಕೇಳಲಿ ಅಂತ. ಮಾತು ಅರ್ಥವಾಗುತ್ತಿರಲಿಲ್ಲ. ಕೊನೆಗೆ ಶಿಳ್ಳೆ ಹಾಕುತ್ತಿದ್ದರಲ್ಲ... ಒಮ್ಮೆ ಮೆಟ್ಟಿಲಲ್ಲಿ ಸಿಕ್ಕರೆ ಮಾತಾಡಿಸಬೇಕು ಅಂತ ಇತ್ತು. ಇಷ್ಟು ದಿನ ಒಮ್ಮೆಯೂ ಸಿಕ್ಕಲಿಲ್ಲವಲ್ಲ ಅಂದುಕೊಂಡೆ."

ಅವಳ ಮುಖದಲ್ಲಿ ಏನೋ ಇಳಿದುಹೋಯಿತು. ಗಿಣಿ ನೋಡುತ್ತಲೇ ಇದ್ದ. ತನ್ನ ಎದುರಿಗೇ, ನೆಂಟಳಲ್ಲದ, ಅಪ್ಪನ ಹೆಸರೂ ತಿಳಿಯದ ಒಬ್ಬ ಮುದುಕಿಗೆ ಅಪ್ಪ ಈಗಷ್ಟೇ ತೀರಿಕೊಂಡಿದ್ದ. ಯಾವ ಸ್ಟೇಷನ್ನಿನಲ್ಲೂ ನಿಲ್ಲದೆ. ಅವಳು ಟವೆಲ್ಲಿನಿಂದ ಕಣ್ಣು ಒತ್ತಿಕೊಂಡಳು, ಬಿಸಿನೀರನ್ನು ಮೇಜಿನ ಮೇಲಿಟ್ಟಳು, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಹೋದಳು. ಬಿದ್ದುಬಿಡಲಿಲ್ಲ. ಅವಳ ಮನೆಯ ಬಾಗಿಲು ಮೆಲ್ಲಗೆ ಮುಚ್ಚಿದ್ದು ಕೇಳಿಸಿತು.

ಅವನು ಚಿಕ್ಕಪ್ಪನಿಗೆ ಫೋನ್ ಮಾಡಿದ.

"ಜ್ವರ ಬೇಡ ಚಿಕ್ಕಪ್ಪ. ನಾನು ಅಜ್ಜಿಗೆ ಹೇಳಿಬಿಡ್ತೀನಿ."

"ಏನು ಹೇಳ್ತೀಯಾ?"

"ಇದ್ದದ್ದು."

"ತಲೆ ಕೆಟ್ಟಿದ್ಯಾ ನಿಂಗೆ? ಅಮ್ಮಂಗೆ ಏನಾದ್ರೂ ಆದ್ರೆ ನೀನು ಅಲ್ಲಿ ಕೂತಿರ್ತೀಯ. ಎತ್ತಿ ಕಾರಿಗೆ ಹಾಕ್ಕೊಂಡು ಓಡೋನು ನಾನು. ಅಣ್ಣನ್ನ ಎತ್ತಿದ್ದೂ ಇದೇ ಕೈ ಕಣೋ." ಚಿಕ್ಕಪ್ಪನ ದನಿ ಅಲ್ಲಿ ಒಡೆಯಿತು. ಗಿಣಿ ಎಷ್ಟೋ ಸಲ ಅಣಕಿಸಿದ್ದ ದನಿ ಅದು. ಹೀಗೆ ಒಡೆಯುವುದು ಅವನಿಗೆ ಗೊತ್ತಿರಲಿಲ್ಲ.

"ಕೆಮ್ಮಿಗೇ ಅಜ್ಜಿ ಊಟ ಬಿಟ್ಟಿದಾಳೆ ಚಿಕ್ಕಪ್ಪ. ಜ್ವರ, ಆಸ್ಪತ್ರೆ ಅಂತ ವಾರ ವಾರ ಸಾಯಿಸೋದು ಮೆತ್ತಗೆ ಹೇಗಾಗುತ್ತೆ? ಮತ್ತೆ ಆಸ್ಪತ್ರೇಲಿ ಅಪ್ಪ ಹೇಗೆ ಮಾತಾಡ್ತಿದ್ದ ಅಂತ ನಾನು ಮಾಡ್ಲಿ? ಮಾತೇ ಆಡ್ಲಿಲ್ವಲ್ಲ."

ಚಿಕ್ಕಪ್ಪ ಮೂಗೆಳೆದುಕೊಂಡು, "ಭಾನುವಾರ ಕಾರನ್ನ ಬಾಗಿಲಲ್ಲೇ ನಿಲ್ಲಿಸ್ಕೊಂಡಿರ್ತೀನಿ. ಡಾಕ್ಟರಿಗೂ ಒಂದು ಮಾತು ಹೇಳಿಟ್ಟಿರ್ತೀನಿ" ಎಂದ. ಅಮ್ಮನಿಗೆ ಹೇಳಿದಾಗ ಅವಳು ನಲ್ಲಿ ತಿರುಗಿಸಲಿಲ್ಲ. "ನಾನು ಪಕ್ಕದಲ್ಲೇ ಕೂತಿರ್ತೀನಿ. ಹೇಳು" ಎಂದಳು.

ಭಾನುವಾರ ಬೆಳಿಗ್ಗೆ ಹೊರಗೆ ಮಂಜು ಕವಿದು ಬೀದಿಯ ಆಚೆ ಬದಿ ಕಾಣುತ್ತಿರಲಿಲ್ಲ. ಗಿಣಿ ಅಂಗಿ ಬದಲಿಸಿಕೊಂಡು, ಯಾಕೆಂದು ತನಗೇ ತಿಳಿಯದೆ ತಲೆ ಬಾಚಿಕೊಂಡು ಕೂತ.

"ಗಿಣೀ, ಅವನ ಕೆಮ್ಮು ಹೇಗಿದೆ? ಕೊಡು ಫೋನು."

"ಅಜ್ಜಿ, ಅಮ್ಮ ಅಲ್ಲೇ ಇದಾಳಾ?"

"ಇಲ್ಲೇ ಇದಾಳೆ. ಯಾಕೋ ಬೆಳಗಿಂದ ನನ್ನ ಕೈ ಹಿಡ್ಕೊಂಡು ಕೂತಿದಾಳೆ, ನಾನೇನು ಓಡಿ ಹೋಗ್ತೀನಾ. ಅವಂಗೆ ಕೊಡು."

"ಅಪ್ಪ ಇಲ್ಲ ಅಜ್ಜಿ."

"ಈ ಚಳೀಲಿ ಎಲ್ಲಿಗೆ ಕಳಿಸ್ದೆ?"

"ಎಲ್ಲಿಗೂ ಇಲ್ಲ. ಅಪ್ಪ ಇಲ್ಲಿಗೆ ಬಂದೇ ಇರಲಿಲ್ಲ. ನೀನು ಅತ್ತೆ ಮನೇಲಿದ್ದಾಗ ಸಾರುವೆ ಮುರಿದು ಬಿದ್ದ. ತೀರಿಕೊಂಡ ಅಜ್ಜಿ. ನಿನ್ನ ಹತ್ರ ಮಾತಾಡ್ತಿದ್ದದ್ದು ನಾನು."

ಆ ಕಡೆಯ ಗೋಡೆ ಗಡಿಯಾರದ ಸದ್ದು ಫೋನಿನಲ್ಲಿ ಕೇಳಿಸಿತು. "ಅತ್ತೇ" ಎಂದಳು ಅಮ್ಮ. ದೂರದಲ್ಲಿ ಚಿಕ್ಕಪ್ಪನ ಚಪ್ಪಲಿ ಸದ್ದು ಬಾಗಿಲ ತನಕ ಬಂದು ನಿಂತಿತು.

"ಹೋದ ವಾರ ಕೆಮ್ಮಿದ್ದು?" ಅಜ್ಜಿಯ ದನಿ ಈಗ ಒಂದೇ ಮನೆಗೆ ಕೇಳುವಷ್ಟಿತ್ತು.

"ನಾನೇ."

"ಸುಣ್ಣ ಹೊಡೀತೀನಿ ಅಂದ್ರೆ ಪೊಲೀಸರು ಬರ್ತಾರೆ ಅಂದಿದ್ದು?"

"ನಾನೇ ಅಜ್ಜಿ."

"ನಾನು ನಕ್ಕೆನಲ್ಲೋ." ಅವಳು ಉಸಿರು ಎಳೆದುಕೊಂಡಳು. "ನನ್ನ ಮಗ ಸತ್ತಿದಾನೆ, ನಾನು ಇಲ್ಲಿ ಕೂತು ವಾರ ವಾರ ನಕ್ಕಿದೀನಲ್ಲೋ. ಇವಳು ಪಕ್ಕದಲ್ಲಿ ಕೂತು ನನ್ನ ನಗು ಕೇಳಿಸ್ಕೊಂಡಿದಾಳಲ್ಲೋ. ಹೆಂಡತಿ ನೆನಪಿದ್ಯಾ ಅಂತ ಅಂದ್ನಲ್ಲ ನಾನು, ಇವಳ ಎದುರಿಗೇ!"

ಗಿಣಿಗೆ ಬಾಯಿ ತೆರೆಯಲು ಹೆದರಿಕೆಯಾಯಿತು; ಹೊರಬರುವುದು ಯಾರ ದನಿಯೆಂದು ಅವನಿಗೆ ಖಾತ್ರಿಯಿರಲಿಲ್ಲ.

"ನೀನು ಹತ್ರ ಇದ್ದ್ಯಾ, ಕೊನೇಲಿ?"

"ಇದ್ದೆ."

"ಏನಂದ?"

ಇದೊಂದು ಪ್ರಶ್ನೆಯನ್ನು ಅವನು ಎಣಿಸಿರಲಿಲ್ಲ. ಹೇಳಬಹುದಿತ್ತು. ಒಂದೇ ಒಂದು ಮಾತು, ಅಪ್ಪನ ಗಂಟಲಿನಲ್ಲಿ, ಕೊನೆಗೊಂದು "ಗೊತ್ತಾಯ್ತಾ" ಸೇರಿಸಿ. ನಮ್ಮಮ್ಮನ್ನ ಚೆನ್ನಾಗಿ ನೋಡ್ಕೊಳ್ಳೋ, ಅಂತ. ಅಜ್ಜಿ ಅದನ್ನು ಸಾಯುವ ತನಕ ಎದೆಯಲ್ಲಿಟ್ಟುಕೊಳ್ಳುತ್ತಿದ್ದಳು. ಆ ಮಾತು ನಾಲಿಗೆಯ ತುದಿಗೆ ಬಂದು, ಅಪ್ಪನ ಒರಟು ದನಿಯನ್ನು ಹೊದ್ದು, ತಯಾರಾಗಿ ನಿಂತಿತ್ತು.

"ಏನೂ ಅನ್ನಲಿಲ್ಲ ಅಜ್ಜಿ" ಎಂದ ಗಿಣಿ. "ಗಂಟಲಿಗೆ ಕೊಳವೆ ಹಾಕಿದ್ರು. ಬಿದ್ದಾಗಿಂದ ಒಂದು ಮಾತೂ ಆಡ್ಲಿಲ್ಲ."

"ಒಂದೂ ಇಲ್ವಾ?"

"ಇಲ್ಲ. ಒಂದ್ಸಲ ಕಣ್ಣು ಬಿಟ್ಟ. ನನ್ನ ಕೈ ಹಿಡ್ಕೊಂಡಿದ್ದ. ಅಷ್ಟೇ."

"ಯಾವ ಕೈ?"

"ಎಡಗೈ. ಬಲಗೈಗೆ ಸೂಜಿ ಹಾಕಿದ್ರು."

"ಬೆರಳು ಬೆಚ್ಚಗಿತ್ತಾ?"

"ಇತ್ತು ಅಜ್ಜಿ. ಉಗುರಲ್ಲಿ ಇನ್ನೂ ಪೇಂಟ್ ಇತ್ತು. ಹಸಿರು."

ಆಗ ಅಜ್ಜಿ ಅಳತೊಡಗಿದಳು. ದೊಡ್ಡೋನೇ ಎಂದು ಕರೆದಳು, ಅದಕ್ಕಿಂತ ಹಿಂದಿನ, ಅಪ್ಪ ತೊಟ್ಟಿಲಲ್ಲಿದ್ದಾಗಿನ ಯಾವುದೋ ಮುದ್ದು ಹೆಸರಿಂದಲೂ ಕರೆದಳು. ಗಿಣಿ ಆ ಹೆಸರನ್ನು ಕೇಳಿಯೇ ಇರಲಿಲ್ಲ. ಅವಳ ಅಳುವಿನೊಳಗೆ ಅಮ್ಮನ ಅಳುವೂ ಸೇರಿತು, ಯಾವ ನಲ್ಲಿಯ ಮರೆಯೂ ಇಲ್ಲದೆ, ನಡುಮನೆಯಲ್ಲೇ, ಗಟ್ಟಿಯಾಗಿ. ಯಾರೋ ಚಿಕ್ಕಪ್ಪನನ್ನು ಹಿಡಿದು ಕೂರಿಸಿದರು, ಅಥವಾ ಅವನೇ ಕೂತ. ಯಾರೂ ಫೋನ್ ಇಡಲಿಲ್ಲ. ಗಿಣಿಯೂ ಇಡಲಿಲ್ಲ. ಮೇಜಿನ ಮೇಲಿನ ಫೋನಿಗೆ ಕಿವಿಯಿಟ್ಟು, ತಲೆಯಿಟ್ಟು, ಅವರ ಜೊತೆ ಕೂತಿದ್ದ.

ಬಹಳ ಹೊತ್ತಿನ ಮೇಲೆ ಅಜ್ಜಿಯ ದನಿ ಫೋನಿನ ಹತ್ತಿರ ಬಂತು.

"ಇದೀಯೇನೋ?"

"ಇದೀನಿ."

"ನಿನ್ನ ಮೇಲೆ ನಂಗೆ ಸಿಟ್ಟಿದೆ. ನಿಮ್ಮೆಲ್ಲರ ಮೇಲೂ ಇದೆ. ಅದು ಇವತ್ತು ನಾಳೆ ಹೋಗಲ್ಲ."

"ಹ್ಞೂಂ ಅಜ್ಜಿ."

"ಬಿದ್ದ ದಿನ ಬೆಳಿಗ್ಗೆ ಮನೆಯಿಂದ ಹೊರಟನಲ್ಲ, ಅಲ್ಲಿಂದ ಹೇಳು" ಎಂದಳು ಅಜ್ಜಿ. "ಯಾವ ಅಂಗಿ ಹಾಕಿದ್ದ?"

ಗಿಣಿ ಹೇಳತೊಡಗಿದ.